ನನ್ನ ಎಡಗೈ, ಅಪ್ಪನ ಬಲಗೈ

ಭಾರತದ ಪರವಾಗಿ ರಗ್ಬಿ ಆಡಿದವಳು ಎಂದರೆ ನಮ್ಮ ಕಡೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಏನು ಕೇಳಬೇಕೆಂದು ಅವರಿಗೆ ತಿಳಿಯುವುದಿಲ್ಲ. ಹಾನಗಲ್ಲಿನ ಸಂತೆಯಲ್ಲಿ ಒಬ್ಬ ಹಿರಿಯರು ಅದನ್ನು ರಗ್ಗು ಎಂದು ಕೇಳಿಸಿಕೊಂಡು, ಚಳಿಗಾಲಕ್ಕೆ ಒಳ್ಳೆಯದೊಂದು ಬೇಕಾಗಿತ್ತು ಎಂದಿದ್ದರು. ಅವ್ವ ಮಾತ್ರ ತನ್ನದೇ ವಿವರಣೆ ಕಟ್ಟಿಕೊಂಡಿದ್ದಳು. ನೆರೆಮನೆಯವರು ಕೇಳಿದರೆ, ಅದೂ ಕಬಡ್ಡಿಯೇ, ಆದರೆ ಚೆಂಡು ಹಿಡಿದುಕೊಂಡು ಆಡುವುದು ಎನ್ನುತ್ತಿದ್ದಳು. ಅದು ಪೂರ್ತಿ ತಪ್ಪೂ ಅಲ್ಲ.

ನಮ್ಮದು ಆಡೂರಿನ ಹತ್ತಿರದ ಒಂದು ಹಳ್ಳಿ. ಭತ್ತ, ಗೋವಿನಜೋಳ, ಹೊಲದ ಬದುವಿನಲ್ಲಿ ನಾಲ್ಕು ಮಾವಿನ ಗಿಡ. ಅಪ್ಪ ಹರೆಯದಲ್ಲಿ ಪೈಲ್ವಾನ. ಗರಡಿಮನೆಯ ಮಣ್ಣಿನಲ್ಲಿ ಉಜ್ಜಿ ಉಜ್ಜಿ ಅವನ ಎರಡೂ ಕಿವಿಗಳು ಒಣಗಿದ ಎಲೆಯ ಹಾಗೆ ಮುದುಡಿಹೋಗಿದ್ದವು. ನಾನು ಹುಟ್ಟುವ ಹೊತ್ತಿಗೆ ಅವನು ಕುಸ್ತಿ ಬಿಟ್ಟಿದ್ದ. ಆದರೂ ಊರಿನಲ್ಲಿ ನಾನು ಪೈಲ್ವಾನರ ಮಗಳು, ನನ್ನ ಅಣ್ಣ ಪೈಲ್ವಾನರ ಮಗ. ಅಣ್ಣನಿಗೆ ಮೈಮುರಿದು ಆಡುವ ಆಟಗಳು ಬೇಕಿರಲಿಲ್ಲ. ನನಗೆ ಬೇಕಿದ್ದವು.

ಹಾನಗಲ್ಲಿನ ಹೈಸ್ಕೂಲಿನಲ್ಲಿ ಕಬಡ್ಡಿ ತಂಡಕ್ಕೆ ಸೇರಿದೆ. ತಾಲ್ಲೂಕು ಮಟ್ಟಕ್ಕೆ ಹೋಗುವಾಗ ಚಡ್ಡಿ ಹಾಕಿಕೊಂಡು ಆಡಬೇಕು ಎಂದು ಗೊತ್ತಾಗಿ ಅವ್ವ ಅಡುಗೆಮನೆಯಿಂದಲೇ ಬೇಡವೆಂದಳು. ಪಡಸಾಲೆಯಲ್ಲಿ ಕುಳಿತಿದ್ದ ಅಪ್ಪ ತಲೆ ಎತ್ತದೆ ಹೇಳಿದ.

“ಗರಡ್ಯಾಗ ನಾವೇನ ಧೋತರ ಉಟಗೊಂಡ ಆಡತಿದ್ವೇನ?”

ಅವ್ವ ಮತ್ತೆ ಆ ಮಾತು ತೆಗೆಯಲಿಲ್ಲ. ಅಲ್ಲಿಂದ ಧಾರವಾಡದ ಕ್ರೀಡಾ ಹಾಸ್ಟೆಲ್, ಅಲ್ಲಿಯೇ ಕಾಲೇಜು. ವಿಶ್ವವಿದ್ಯಾಲಯಗಳ ಕಬಡ್ಡಿ ಪಂದ್ಯಕ್ಕೆ ಭುವನೇಶ್ವರಕ್ಕೆ ಹೋದಾಗ, ಅಂಗಳದ ಹಗ್ಗದ ಆಚೆ ನಿಂತಿದ್ದ ಒಬ್ಬ ಹೆಂಗಸು ಪಂದ್ಯ ಮುಗಿದ ಮೇಲೆ ನನ್ನ ಬಳಿ ಬಂದರು. ಅವರು ರಗ್ಬಿ ಕೋಚ್. ನೀನು ಎದುರಾಳಿಯ ಮುಖ ನೋಡುವುದಿಲ್ಲ, ಸೊಂಟ ನೋಡುತ್ತೀ, ಅದನ್ನು ಯಾರು ಕಲಿಸಿದರು ಎಂದು ಕೇಳಿದರು. ಅಪ್ಪ ಎಂದೆ. ಮುಖ ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ ಎಂದು ಅವನು ಎತ್ತುಗಳ ಬಗ್ಗೆ ಹೇಳುತ್ತಿದ್ದ. ನಾನು ಅದನ್ನು ಮನುಷ್ಯರಿಗೆ ಹಚ್ಚಿಕೊಂಡಿದ್ದೆ.

ಹೀಗೆ ನಾನು ರಗ್ಬಿಗೆ ಬಂದೆ. ಚೆಂಡು ಮೊಟ್ಟೆಯಾಕಾರದ್ದು. ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ. ಚೆಂಡು ಹಿಡಿದು ಮುಂದಕ್ಕೆ ಓಡಬಹುದು, ಆದರೆ ಜೊತೆಯವಳಿಗೆ ಕೈಯಿಂದ ಎಸೆಯುವಾಗ ಹಿಂದಕ್ಕೇ ಎಸೆಯಬೇಕು. ಚೆಂಡು ಹಿಡಿದವಳನ್ನು ಎದುರಾಳಿಗಳು ತಬ್ಬಿ ಕೆಡವುತ್ತಾರೆ. ನಾವು ಆಡುತ್ತಿದ್ದದ್ದು ಏಳೇಳು ಜನರ ಆಟ. ಬೇಗ ಮುಗಿಯುತ್ತದೆ, ಮುಗಿದಾಗ ಉಸಿರು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಹಬ್ಬಕ್ಕೆ ಮನೆಗೆ ಬಂದಾಗ ಅಂಗಳದಲ್ಲಿ ಅಪ್ಪನಿಗೆ ಇದೆಲ್ಲ ತೋರಿಸಿದ್ದೆ. ಅವನು ಚೆಂಡನ್ನು ಸೌತೆಕಾಯಿಯ ಹಾಗೆ ಹಿಡಿದು ನೋಡಿ, ಮುಂದೆ ಹೋಗುವವರು ಹಿಂದಕ್ಕೆ ಯಾಕೆ ಎಸೆಯಬೇಕು ಎಂದು ಕೇಳಿದ. ಆಟ ಹಾಗಿದೆ ಎಂದೆ.

ಆರೇಳು ವರ್ಷ ದೇಶದ ತಂಡದಲ್ಲಿದ್ದೆ. ಆ ವರ್ಷಗಳ ಬಗ್ಗೆ ಹೇಳಲು ಕುಳಿತರೆ ನನಗೆ ನೆನಪಾಗುವುದು ವಿಮಾನ ನಿಲ್ದಾಣಗಳ ನೆಲ. ಬ್ಯಾಗನ್ನು ತಲೆದಿಂಬು ಮಾಡಿಕೊಂಡು ನಾವು ಎಲ್ಲೆಲ್ಲೋ ಮಲಗಿದ್ದೇವೆ. ಮೊದಲ ಸಲ ಹೊರದೇಶದ ಮೈದಾನದಲ್ಲಿ ರಾಷ್ಟ್ರಗೀತೆಗೆ ನಿಂತಾಗ ಕಣ್ಣು ತುಂಬುತ್ತದೆ ಎಂದು ಎಲ್ಲರೂ ಹೇಳಿದ್ದರು. ನನಗೆ ಕಾಲ್ಬೆರಳು ಚಳಿಗೆ ಮರಗಟ್ಟಿದ್ದು ಬಿಟ್ಟರೆ ಬೇರೇನೂ ಅನಿಸಲಿಲ್ಲ. ಅಂದು ದೊಡ್ಡ ಅಂತರದಿಂದ ಸೋತೆವು. ನಾವು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

ನನ್ನ ಕೋಣೆಯ ಜೊತೆಗಾತಿ ಒಡಿಶಾದ ಒಂದು ಕಾಡಿನಂಚಿನ ಹಳ್ಳಿಯವಳು. ನನಗಿಂತ ಚಿಕ್ಕವಳು, ನನ್ನನ್ನು ದೀದಿ ಎನ್ನುತ್ತಿದ್ದಳು. ಅವಳ ಹಿಂದಿಯೂ ಅರೆಬರೆ, ನನ್ನದೂ ಅರೆಬರೆ. ಆದರೆ ಮೈದಾನದಲ್ಲಿ ಅವಳು ಎಲ್ಲಿದ್ದಾಳೆಂದು ನೋಡದೆಯೇ ನಾನು ಚೆಂಡು ಎಸೆಯುತ್ತಿದ್ದೆ, ಅವಳು ಅಲ್ಲಿಯೇ ಇರುತ್ತಿದ್ದಳು. ಒಮ್ಮೆ ಸಿಂಗಪುರದಲ್ಲಿ ಅವಳು ಎಸೆದ ಚೆಂಡು ಹಿಡಿದು ನಾನು ಮೈದಾನದ ಅಂಚಿನಗುಂಟ ಓಡಿದೆ. ಎದುರಿಗೆ ಯಾರೂ ಇರಲಿಲ್ಲ. ಗೆರೆ ದಾಟಿ ಚೆಂಡನ್ನು ಎರಡೂ ಅಂಗೈಯಿಂದ ನೆಲಕ್ಕೆ ಒತ್ತಿದೆ. ಹಾಗೆ ಒತ್ತಿದರೇ ಅಂಕ. ಹುಲ್ಲು ಒದ್ದೆಯಾಗಿತ್ತು. ಹಿಂದಿನಿಂದ ಬಂದು ಅವಳು ನನ್ನ ಬೆನ್ನ ಮೇಲೆ ಬಿದ್ದಳು, ಅವಳ ಮೇಲೆ ಉಳಿದವರು. ಆ ಒದ್ದೆ ಹುಲ್ಲನ್ನು ಎಡ ಅಂಗೈ ಮುಟ್ಟಿದ್ದು ಈಗಲೂ ನೆನಪಿದೆ.

ಪೆಟ್ಟಾದದ್ದು ಅದರ ಮುಂದಿನ ವರ್ಷ. ಎದುರಾಳಿ ತಂಡದ ಎತ್ತರದ ಹುಡುಗಿಯೊಬ್ಬಳು ನೇರ ನನ್ನ ಮೇಲೆ ಓಡಿ ಬಂದಳು. ಹಾಗೆ ಬರುವವಳನ್ನು ಹಿಡಿಯುವಾಗ ನಮ್ಮ ತಲೆ ಅವಳ ಸೊಂಟದ ಹಿಂದಕ್ಕೆ ಹೋಗಬೇಕು. ಅದನ್ನು ನಾನು ಸಾವಿರ ಸಲ ಮಾಡಿದ್ದೆ. ಅವಳು ಕೊನೆಯ ಕ್ಷಣದಲ್ಲಿ ಕಾಲು ಬದಲಿಸಿದಳು, ನನ್ನ ತಲೆ ಅವಳ ಮುಂದಕ್ಕೆ ಹೋಯಿತು. ಕತ್ತಿನೊಳಗೆ ಹಸಿ ಜೋಳದ ದಂಟು ಮುರಿದಂಥ ಸದ್ದು. ಎಡಗೈಯಲ್ಲಿ ಭುಜದಿಂದ ಬೆರಳ ತುದಿಯವರೆಗೆ ಬೆಂಕಿ ಹರಿಯಿತು. ಆಮೇಲೆ ಬೆಂಕಿ ಆರಿತು. ಆಮೇಲೆ ಏನೂ ಇಲ್ಲ. ಮಲಗಿದಲ್ಲಿಂದ ಆಕಾಶ ಕಾಣುತ್ತಿತ್ತು. ಎದ್ದೇಳಬೇಡ ಎಂದು ಯಾರೋ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನನಗೆ ಏಳಬೇಕೆಂದು ಅನಿಸಿರಲೇ ಇಲ್ಲ.

ಕತ್ತಿನ ನರ ಜಜ್ಜಿಹೋಗಿದೆ ಎಂದರು. ಕೈ ಎತ್ತಲು, ಬೆರಳು ಮಡಚಲು ಕ್ರಮೇಣ ಸಾಧ್ಯವಾಯಿತು. ಸ್ಪರ್ಶ ಬರಲಿಲ್ಲ. ಕೆಲವು ತಿಂಗಳ ನಂತರ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು ಚಿತ್ರಗಳನ್ನು ಬೆಳಕಿಗೆ ಹಿಡಿದು, ಇನ್ನೊಂದು ಪೆಟ್ಟು ಬಿದ್ದರೆ ನೀವು ನಡೆಯುತ್ತೀರೆಂದು ನಾನು ಹೇಳಲಾರೆ ಎಂದರು. ನಾನು ಹೂಂ ಎಂದೆ. ಅವರು ನಾನಿನ್ನೂ ಏನಾದರೂ ಹೇಳುತ್ತೇನೆಂದು ಕಾದರು. ನಾನು ಚಿತ್ರಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಜೊತೆಗೆ ಬಂದಿದ್ದ ನನ್ನ ಕೋಣೆಯ ಹುಡುಗಿ ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತಳು. ನಾನು ಅವಳ ಬೆನ್ನು ಸವರುತ್ತ ಕುಳಿತೆ. ದಾರಿಯಲ್ಲಿ ಹೋಗುತ್ತಿದ್ದ ನರ್ಸ್ ಒಬ್ಬರು ಅವಳನ್ನೇ ರೋಗಿ ಎಂದುಕೊಂಡು, ಧೈರ್ಯವಾಗಿರಿ ಎಂದು ಹೇಳಿ ಹೋದರು.

ಆಟ ಬಿಟ್ಟು ಊರಿಗೆ ಬಂದ ದಿನ ಹಾವೇರಿ ಸ್ಟೇಷನ್ನಿಗೆ ಅಣ್ಣ ಬೈಕು ತಂದಿದ್ದ. ದಾರಿಯುದ್ದಕ್ಕೂ ಅವನು ಗೋವಿನಜೋಳಕ್ಕೆ ಬಿದ್ದ ಹುಳುವಿನ ಬಗ್ಗೆ ಮಾತಾಡಿದ. ಮನೆ ಮುಟ್ಟಿದಾಗ ಅಪ್ಪ ಕೊಟ್ಟಿಗೆಯಿಂದ ಹೊರಗೆ ಬಂದು, ನನ್ನ ಕೈ ನೋಡಿ, ಮುಖ ನೋಡಿ, ಉಂಡಿಯೇನು ಎಂದು ಕೇಳಿ ಒಳಗೆ ಹೋದ. ಅಷ್ಟೇ. ಏನಾಯಿತು, ಹೇಗಾಯಿತು ಎಂದು ಅವನು ಅಂದೂ ಕೇಳಲಿಲ್ಲ, ಮುಂದೆ ವರ್ಷಗಟ್ಟಲೆ ಕೇಳಲಿಲ್ಲ. ಅವನಿಗೆ ನನ್ನ ಆಟ ಎಂದೂ ಅಷ್ಟು ಮುಖ್ಯವಾಗಿರಲಿಲ್ಲವೇನೋ ಎಂದುಕೊಂಡೆ. ಅದರಿಂದಲೂ ನನಗೆ ಬೇಸರವಾಗಲಿಲ್ಲ.

ಮನೆಗೆ ಬಂದ ಹೊಸದರಲ್ಲಿ ಒಂದು ಮುಂಜಾನೆ ಅವ್ವನ ಪಕ್ಕ ಕುಳಿತು ರೊಟ್ಟಿ ಮಾಡಲು ಹೋದೆ. ಬಲಗೈಯಿಂದ ತಟ್ಟಿದೆ, ಎಡಗೈಯಿಂದ ಹಂಚಿನ ಮೇಲಿನ ರೊಟ್ಟಿ ತಿರುವಿದೆ. ಅವ್ವ ಮೂಗು ಅರಳಿಸಿ, ಏನೋ ಸುಡುತ್ತಿದೆ ಎಂದಳು. ರೊಟ್ಟಿ ಚೆನ್ನಾಗಿಯೇ ಇತ್ತು. ಸುಡುತ್ತಿದ್ದದ್ದು ಹಂಚಿಗೆ ತಾಗಿಕೊಂಡಿದ್ದ ನನ್ನ ಬೆರಳುಗಳು. ಅವ್ವ ನನ್ನ ಕೈಯನ್ನು ನೀರಿನ ಕೊಡದೊಳಗೆ ಅದ್ದಿ ಹಿಡಿದುಕೊಂಡು ಬಹಳ ಹೊತ್ತು ಕುಳಿತಳು. ಅಂದಿನಿಂದ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ.

ಅಪ್ಪ ನನ್ನನ್ನು ಸವಣೂರಿಗೆ ಕರೆದುಕೊಂಡು ಹೋದ. ಅಲ್ಲಿ ಒಬ್ಬ ಸಾಹೇಬರು ಎಲುಬು ಕೂಡಿಸುತ್ತಿದ್ದರು. ಅಪ್ಪನ ಭುಜ ಜಾರಿದಾಗ ಅವರ ತಂದೆ ಕೂಡಿಸಿದ್ದರಂತೆ. ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಕೂಡಿಸಿ, ಚಹಾ ಕುಡಿಸಿ, ಕಣ್ಣು ಮುಚ್ಚಿಕೋ ಎಂದು ಹೇಳಿ ನನ್ನ ಒಂದೊಂದೇ ಬೆರಳು ಒತ್ತಿದರು. ಯಾವುದು ಎಂದು ಕೇಳಿದರು. ನನಗೆ ಒಂದೂ ಹೇಳಲಾಗಲಿಲ್ಲ. ಅವರು ಅಪ್ಪನ ಕಡೆ ತಿರುಗಿ, ಇದು ಎಲುಬಿನದಲ್ಲ, ನನ್ನ ಕೈಯಲ್ಲಿ ಆಗುವಂಥದ್ದಲ್ಲ ಎಂದರು. ಸಮಾಧಾನಕ್ಕೆಂದು ಒಂದು ಬಾಟಲಿ ಎಣ್ಣೆ ಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಆ ಊರಿನ ಕುರುಕಲು ಖಾರ ಕಟ್ಟಿಸಿಕೊಂಡ. ಇಬ್ಬರೂ ತಿನ್ನುತ್ತ ಊರಿಗೆ ಬಂದೆವು.

ಮುಂದಿನ ಬೇಸಿಗೆಯಲ್ಲಿ ದುಂಡಸಿಯಿಂದ ನನ್ನನ್ನು ನೋಡಲು ಬಂದರು. ಒಳ್ಳೆಯ ಜನ. ಹುಡುಗ ಶಿಗ್ಗಾವಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ಅವ್ವ ಹೇಳಿಕೊಟ್ಟಿದ್ದಂತೆ ನಾನು ಚಹಾದ ತಾಟನ್ನು ಬಲಗೈಯಲ್ಲಿಯೇ ಹಿಡಿದು ಬಂದೆ. ಕೊನೆಯ ಲೋಟವನ್ನು ಹುಡುಗನ ತಾಯಿಗೆ ಕೊಡುವಾಗ ಎಡಗೈ ತಾನಾಗಿ ಮುಂದೆ ಹೋಯಿತು. ಆಕೆ ಕೈ ಸುಡುತ್ತದೆಂದು ಸೆರಗಿನ ತುದಿಯಿಂದ ಲೋಟ ಹಿಡಿಯಲು ನೋಡಿದರು. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ. ಆಕೆ ನನ್ನ ಮುಷ್ಟಿಯನ್ನೇ ನೋಡಿದರು. ಆಮೇಲೆ ಮಾತು ಮಳೆ ಬೆಳೆಯ ಕಡೆ ಹೋಯಿತು. ಹೇಳಿಕಳಿಸುತ್ತೇವೆ ಎಂದು ಹೋದರು, ಹೇಳಿಕಳಿಸಲಿಲ್ಲ. ಅವ್ವ ಕೆಲವು ದಿನ ಊಟ ಬಿಟ್ಟಳು. ನಾನು ದಿನದಂತೆ ಉಂಡೆ.

ಆಮೇಲೆ ನಾನು ದೈಹಿಕ ಶಿಕ್ಷಣದ ಕೋರ್ಸು ಮುಗಿಸಿ ಶಿಗ್ಗಾವಿಯ ಒಂದು ಖಾಸಗಿ ಶಾಲೆಗೆ ಸೇರಿದೆ. ಹಾನಗಲ್ಲಿನಿಂದ ಬಂಕಾಪುರದ ಮೇಲೆ ಹೋಗುವ ಬಸ್ಸಿನಲ್ಲಿ ದಿನಾ ಹೋಗಿ ಬರುತ್ತಿದ್ದೆ. ಪ್ರಾರ್ಥನೆಗೆ ಸಾಲು ಹಚ್ಚುವುದು, ಖೋಖೋ, ಕಬಡ್ಡಿ, ಆಗಸ್ಟಿನಲ್ಲಿ ಕವಾಯತು. ಸೀಟಿ ಊದುತ್ತ ವರ್ಷಗಳು ಹೋದವು. ಸವಣೂರಿನಲ್ಲಿ ಒಂದು ಸಂಘದವರು ಕರೆದು ಶಾಲು ಹೊದಿಸಿದರು. ವೇದಿಕೆಯ ಮೇಲಿದ್ದವರು ನನ್ನನ್ನು ಅಂತಾರಾಷ್ಟ್ರೀಯ ಕಬಡ್ಡಿ ಪಟು ಎಂದು ಪರಿಚಯಿಸಿದರು. ತಿದ್ದಲು ಬಾಯಿ ತೆರೆದೆ, ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಹಾಗೇ ಬಿಟ್ಟೆ. ಒಡಿಶಾದ ಹುಡುಗಿ ಆಗಾಗ ಫೋನ್ ಮಾಡಿ ತಂಡದ ಸುದ್ದಿ ಹೇಳುತ್ತಿದ್ದಳು. ಕ್ರಮೇಣ ಅವಳು ಹೇಳುವ ಹೆಸರುಗಳಲ್ಲಿ ನನಗೆ ಗೊತ್ತಿರುವವು ಕಡಿಮೆಯಾದವು. ಆಮೇಲೆ ಅವಳೂ ಆಟ ಬಿಟ್ಟಳು, ಮದುವೆಯಾದಳು.

ಅಪ್ಪನಿಗೆ ಲಕ್ವ ಹೊಡೆದದ್ದು ಗೋವಿನಜೋಳದ ಸುಗ್ಗಿಯಲ್ಲಿ. ಮುಂಜಾನೆ ಚಹಾದ ಕಪ್ಪು ಅವನ ಬಲಗೈಯಿಂದ ಜಾರಿತು. ಅವನು ಬಗ್ಗಿ ಅದನ್ನು ಎತ್ತಲು ಹೋಗಿ ಹಾಗೆಯೇ ಮಗ್ಗುಲಾದ. ಅಣ್ಣ ಜೀಪು ತರಿಸಿ ಹುಬ್ಬಳ್ಳಿಗೆ ಒಯ್ದ. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು, ಮಾತು ತೊದಲಿತು. ಬಲಗಣ್ಣಿನಲ್ಲಿ ಸದಾ ನೀರು. ಮನೆಗೆ ಕರೆತಂದ ದಿನ ಅವನನ್ನು ಮಂಚದಿಂದ ಏಳಿಸಲು ಅಣ್ಣ ಕೈ ಹಿಡಿದು ಎಳೆದ, ಅವ್ವ ಬೆನ್ನಿಗೆ ಒತ್ತು ಕೊಟ್ಟಳು. ಪೈಲ್ವಾನನ ಮೈ. ಅಪ್ಪ ನೋವಿಗೆ ಹಲ್ಲು ಕಚ್ಚಿದ. ಅಣ್ಣನ ಹೆಂಡತಿ, ನಮ್ಮ ವೈನಿ, ಬಾಗಿಲಲ್ಲಿ ನಿಂತು, ಇನ್ನಿಬ್ಬರನ್ನು ಕರೆಯಲೇ ಎಂದು ಕೇಳಿದಳು.

ನಾನು ಅಣ್ಣನನ್ನು ಪಕ್ಕಕ್ಕೆ ಸರಿಸಿದೆ. ಅಪ್ಪನ ಮುಂದೆ ಮೊಣಕಾಲು ಮಡಚಿ ಕೆಳಗಿಳಿದೆ, ತಲೆಯನ್ನು ಅವನ ಪಕ್ಕೆಯ ಹಿಂದಕ್ಕೆ ಹಾಕಿದೆ, ಭುಜವನ್ನು ಎದೆಗೂಡಿನ ಕೆಳಗೆ ಕೊಟ್ಟೆ. ಎರಡೂ ಕೈಯಿಂದ ಸೊಂಟ ಸುತ್ತಿ, ಬಲಗೈಯಿಂದ ನನ್ನ ಎಡ ಮಣಿಕಟ್ಟನ್ನು ಹಿಡಿದೆ. ಎಡಗೈ ಸುಮ್ಮನೆ ಹಗ್ಗದ ಹಾಗೆ ಕೆಲಸ ಮಾಡಿತು. ಕಾಲಿನಿಂದ ಎದ್ದೆ. ಅಪ್ಪ ನನ್ನ ಜೊತೆಗೆ ಎದ್ದು ನಿಂತ. ಅವನ ಗದ್ದ ನನ್ನ ಭುಜದ ಮೇಲಿತ್ತು. ತೊದಲುತ್ತ ಕಿವಿಯಲ್ಲಿ ಹೇಳಿದ.

“ಪಟ್ಟು ಚಲೋ ಐತಿ.”

ಆಮೇಲೆ ಅವನನ್ನು ಏಳಿಸುವುದು ನನ್ನ ಕೆಲಸವಾಯಿತು. ಶಾಲೆಗೆ ರಜೆ ಹಾಕಿದೆ. ನನಗೆ ಆಸ್ಪತ್ರೆಯಲ್ಲಿ ಕಲಿಸಿದ್ದ ವ್ಯಾಯಾಮಗಳನ್ನೇ ಅವನಿಗೆ ಕಲಿಸಿದೆ. ಬೆರಳು ಮಡಚು, ಬಿಡಿಸು. ಬಟ್ಟೆ ಹಿಂಡು. ಆಗಲಿಲ್ಲವೇ, ಬಿಡು, ಮತ್ತೆ ಮಾಡು. ಅವನು ಶಾಲೆಯ ಹುಡುಗರಿಗಿಂತ ಚೆನ್ನಾಗಿ ಮಾತು ಕೇಳುತ್ತಿದ್ದ.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಅವನ ಬಲಗೈಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದೆ. ಅವ್ವ ಮತ್ತು ವೈನಿ ಅಂಗಳದಲ್ಲಿ ತೆನೆ ಸುಲಿಯುತ್ತಿದ್ದರು. ಅಪ್ಪ ನನ್ನ ಕೈಗಳನ್ನು ನೋಡುತ್ತಿದ್ದ. ಮಾತು ಅಷ್ಟು ಹೊತ್ತಿಗೆ ಸ್ವಲ್ಪ ತಿಳಿಯಾಗಿತ್ತು.

“ನಿನಗೂ ಹಿಂಗ ಆಗಿತ್ತೇನ?” ಎಂದು ಕೇಳಿದ.

“ಹೂಂ.”

“ಇದ್ದೂ ಇಲ್ಲದಂಗ?”

“ಹೂಂ ಅಪ್ಪಾ. ಬ್ಯಾರೇದವರ ಕೈ ಹೊತಗೊಂಡ ತಿರಗ್ಯಾಡಿದಂಗ.”

ಅವನು ತಡೆದು ತಡೆದು ಹೇಳತೊಡಗಿದ. ನನಗೆ ಪೆಟ್ಟಾದ ದಿನ ಆ ಪಂದ್ಯ ಮೊಬೈಲಿನಲ್ಲಿ ಬರುತ್ತದೆಂದು ಅಣ್ಣನಿಗೆ ಯಾರೋ ಹೇಳಿದ್ದರಂತೆ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಸಿಗುತ್ತದೆ. ಅಪ್ಪ, ಅಣ್ಣ ಇಬ್ಬರೂ ಅಲ್ಲಿ ದನಗಳಿಗೆ ಮೇವು ಹಾಕುವ ಗೋದಲಿಯ ಮೇಲೆ ಕುಳಿತು ನೋಡುತ್ತಿದ್ದರು. ಅದಕ್ಕೆ ಮುಂಚೆಯೂ ನನ್ನ ಎಷ್ಟೋ ಆಟಗಳನ್ನು ಹಾಗೆಯೇ ನೋಡಿದ್ದರಂತೆ. ನನಗೆ ಯಾರೂ ಹೇಳಿರಲಿಲ್ಲ.

“ನೀ ಬಿದ್ದಿ,” ಎಂದ ಅಪ್ಪ. “ಅಷ್ಟರಾಗ ಚಿತ್ರ ನಿಂತಬಿಡ್ತು. ನೀ ಬಿದ್ದಲ್ಲೇ ಬಿದ್ದಿದ್ದಿ. ನಿಮ್ಮಣ್ಣ, ಬಂದ್ ಮಾಡಿ ಮತ್ತ ಹಚ್ಚತೇನಿ ಅಂದ. ಬ್ಯಾಡ, ಹಂಗ ಇರಲಿ ಅಂದೆ. ಏಳತಾಳ ಅಂತ ನೋಡಕೋತ ಕುಂತೆ.”

ಸಂಜೆ ಕೋಚ್ ಫೋನ್ ಮಾಡಿ, ಆಸ್ಪತ್ರೆಯಲ್ಲಿದ್ದಾಳೆ, ಜೀವಕ್ಕೆ ಅಪಾಯವಿಲ್ಲ ಎನ್ನುವವರೆಗೂ ಅವನು ಅಲ್ಲಿಂದ ಎದ್ದಿರಲಿಲ್ಲ. ದನಗಳಿಗೆ ನೀರು ಕೂಡ ಕುಡಿಸಿರಲಿಲ್ಲ. ಅವ್ವನಿಗೆ ಅಂದು ಏನೂ ಹೇಳಲಿಲ್ಲವಂತೆ.

“ಮತ್ತ ನಾ ಬಂದಾಗ ಯಾಕ ಒಂದ ಮಾತ ಕೇಳಲಿಲ್ಲ?” ಎಂದೆ.

“ಕೇಳಿದ್ರ ನೀ ಹೇಳಬೇಕಾಕ್ಕಿತ್ತು,” ಎಂದ. “ಬಿದ್ದದ್ದನ್ನ ಬಿದ್ದವರ ಬಾಯಲೆ ಯಾಕ ಹೇಳಸಬೇಕು ಅಂತ ಸುಮ್ನಿದ್ದೆ.”

ನಾನು ಎಣ್ಣೆ ತಿಕ್ಕುತ್ತಲೇ ಇದ್ದೆ. ನನ್ನೊಳಗೆ ಏನಾದರೂ ಆಗಬಹುದು ಎಂದು ಕಾದೆ. ಆಗಲಿಲ್ಲ. ಅಪ್ಪನ ಬಲಗಣ್ಣಿನಿಂದ ನೀರು ಇಳಿದು ಮೀಸೆಯವರೆಗೆ ಬಂತು. ಅದು ಲಕ್ವದ ನೀರೋ ಬೇರೆಯದೋ ಎಂದು ಹೇಳುವಂತಿರಲಿಲ್ಲ. ಟವೆಲ್ಲಿನಿಂದ ಒರೆಸಿದೆ. ಹೊರಗೆ ವೈನಿ ಏನೋ ಹೇಳಿದಳು, ಅವ್ವ ನಕ್ಕಳು. ಇಷ್ಟು ವರ್ಷ ನಾನು ಈ ಮನುಷ್ಯನ ಬಗ್ಗೆ ಒಂದು ತಿಳಿದುಕೊಂಡಿದ್ದೆ, ಅದು ಹಾಗಿರಲಿಲ್ಲ ಎಂದಷ್ಟೇ ಆಗ ಮನಸ್ಸಿಗೆ ಬಂದದ್ದು. ತಪ್ಪಾದ ಲೆಕ್ಕವೊಂದನ್ನು ಅಳಿಸಿ ಸರಿಯಾದದ್ದನ್ನು ಬರೆದ ಹಾಗೆ. ಸಂತೋಷವೆಂದು ಕರೆಯಲಾರೆ. ಆದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಅಪ್ಪ ಮತ್ತೆ ಹೊಲಕ್ಕೆ ಹೋಗುವಂತಾಗಲಿಲ್ಲ. ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾನೆ. ಎಡಗೈಯಿಂದ ಉಣ್ಣಲು ಕಲಿತಿದ್ದಾನೆ, ಅನ್ನ ಚೆಲ್ಲುವುದಿಲ್ಲ. ಬಲಗೈ ಮಡಿಲಲ್ಲಿ ಇರುತ್ತದೆ. ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ, ಅರ್ಧ ಆರಾಮ ಐತಿ ಎನ್ನುತ್ತಾನೆ. ಆ ಮಧ್ಯಾಹ್ನದ ನಂತರ ನಾವಿಬ್ಬರೂ ಮತ್ತೆ ಆ ವಿಷಯ ಮಾತಾಡಿಲ್ಲ.

ಈ ಜೂನ್‌ನಲ್ಲಿ ನನಗೆ ಹಿರೇಕೆರೂರಿನ ಒಂದು ವಸತಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಿನಾ ಓಡಾಡುವಷ್ಟು ಹತ್ತಿರವಲ್ಲ. ನಾನು ಹೊರಟಾಗ ಅಪ್ಪ, ಶನಿವಾರ ಬಾ ಎಂದ. ಅಬಲೂರಿನ ರಸ್ತೆಗೆ ಒಂದು ಕೋಣೆ ಹಿಡಿದಿದ್ದೇನೆ. ಮನೆಯ ಒಡತಿ ವಯಸ್ಸಾದ ಹೆಂಗಸು, ಮಾತು ಹೆಚ್ಚು, ಕೆಡುಕಿಲ್ಲ. ಮೊನ್ನೆ ನಾನು ಹೊರಗೆ ಬಟ್ಟೆ ಒಣಹಾಕುವಾಗ ಕಟ್ಟೆಯ ಮೇಲೆ ಕುಳಿತು ವಿಚಾರಿಸಿದರು.

“ಶಾಲಿಗೆ ಬರೂದಕ್ಕಿಂತ ಮೊದಲ ಏನ ಮಾಡತಿದ್ರಿ ಅಕ್ಕಾರ?”

“ಆಟ ಆಡತಿದ್ನಿರಿ.”

“ಆಟ ಆಡೂದೂ ಒಂದ ಕೆಲಸ ಏನ್ರಿ?”

“ಹೂನ್ರಿ. ಒಂದಿಷ್ಟ ವರ್ಷ ಅದ ನನ್ನ ಕೆಲಸ ಆಗಿತ್ತರಿ.”

ಅವರು ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ಬೀದಿಯ ನಲ್ಲಿಗೆ ನೀರು ಬಂತು. ಇಬ್ಬರೂ ಕೊಡ ತರಲು ಒಳಗೆ ಹೋದೆವು.